ಹಿಂಬಾಗಿಲಿನ ಸಂಜೆಗಳು

ಪುರಸಭೆಯ ಶಿಶುವಿಹಾರದ ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆಯನ್ನು ‘ಹಿರಿಯ ಸಹಾಯಕಿ’ ಎಂದು ಬರೆದಿದ್ದರು. ಆದರೆ ಈಗಷ್ಟೇ ತೊದಲು ಕಲಿತ ಕೂಸಿನಿಂದ ಹಿಡಿದು ಪುರಸಭೆಯ ಅಧ್ಯಕ್ಷರವರೆಗೆ ಎಲ್ಲರಿಗೂ ಅವಳು ದೊಡ್ಡಮ್ಮ. ಅವಳನ್ನು ‘ಅಮ್ಮ’ ಎಂದು ಕರೆಯುವವಳು ಒಬ್ಬಳೇ, ಸ್ವಂತ ಮಗಳು. ಅವಳೂ ಸಿಟ್ಟು ಬಂದಾಗ ದೊಡ್ಡಮ್ಮ ಎಂದೇ ಕರೆದು ಚುಚ್ಚುತ್ತಿದ್ದಳು.

ದೊಡ್ಡಮ್ಮನದು ಬಿಗಿ ಕೈ. ಜಿಪುಣಿ ಎಂದರೆ ತಪ್ಪಾಗುತ್ತದೆ, ತನ್ನದನ್ನು ಕೊಡುವಾಗ ಅವಳು ಹಿಂದೆಮುಂದೆ ನೋಡುತ್ತಿರಲಿಲ್ಲ. ಸರ್ಕಾರದ್ದು ಎಂದ ಕೂಡಲೇ ಮಾತ್ರ ಮುಷ್ಟಿ ಮುಚ್ಚಿಬಿಡುತ್ತಿತ್ತು. ಸವೆದ ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದೊಳಗೆ ತುಂಬಿ, ಗಂಟು ಹಾಕಿ, ಇನ್ನೊಂದು ವಾರ ತಳ್ಳುವಳು. ಚಾಪೆ ಹರಿದರೆ ತೇಪೆ, ತೇಪೆ ಹರಿದರೆ ಅದರ ಮೇಲೊಂದು ತೇಪೆ. ಹರಿದ ಹೊದಿಕೆಗಳನ್ನು ಹೊಸೆದು ಉದ್ದನೆಯ ಹಗ್ಗ ಮಾಡಿ, ಅದಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿದ್ದಳು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಒಂದೊಂದು ಮಗು ಒಂದೊಂದು ಗಂಟು ಹಿಡಿಯಬೇಕು. ಗಂಟು ಬಿಟ್ಟವರಿಗೆ ಬಿಸ್ಕತ್ತು ಇಲ್ಲ. ಮಕ್ಕಳ ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು, ಉಳಿತಾಯ ಎಂದ ಕೂಡಲೇ ಜನರ ಬುದ್ಧಿ ಮೊದಲು ಅಲ್ಲಿಗೇ ಓಡುತ್ತದೆ.

ಆರ್ಥಿಕ ವರ್ಷದ ಕೊನೆಗೆ ಬೇರೆ ಶಾಖೆಯವರೆಲ್ಲ ಮಿಕ್ಕ ಹಣಕ್ಕೆ ಕುರ್ಚಿಯೋ ಫ್ಯಾನೋ ಕೊಂಡು ಕೈ ತೊಳೆದುಕೊಳ್ಳುವ ಹೊತ್ತಿನಲ್ಲಿ, ದೊಡ್ಡಮ್ಮ ಶಿಶುವಿಹಾರದ ಮಿಕ್ಕ ಹಣವನ್ನು ಕಚೇರಿಗೆ ವಾಪಸು ಕಟ್ಟುತ್ತಿದ್ದಳು. ಒಮ್ಮೆ ಅಧ್ಯಕ್ಷರು ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ‘ಮಿತವ್ಯಯಕ್ಕಾಗಿ’ ಎಂದು ಬರೆದ ಪ್ರಶಂಸಾ ಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿದ ಖರ್ಚು ಅವಳದೇ. ಮುಂದಿನ ವರ್ಷ ಶಿಶುವಿಹಾರದ ಬಾಬ್ತಿಗೆ ಬಂದ ಹಣ ಕಡಿಮೆಯಾಗಿತ್ತು. ‘ಪಾಪ, ಸರ್ಕಾರಕ್ಕೂ ಏನು ಕಷ್ಟವೋ’ ಅಂದುಕೊಂಡು ಅವಳು ಇನ್ನಷ್ಟು ಉಳಿಸಿದಳು. ಅದರ ಮುಂದಿನ ವರ್ಷ ಇನ್ನಷ್ಟು ಕಡಿಮೆ ಬಂತು. ಈ ಎರಡಕ್ಕೂ ನಂಟು ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ನಂಬಿಕೆ ಒಮ್ಮೆ ತಲೆಗೆ ಹತ್ತಿದರೆ ಬೇರೆ ಯಾವುದಕ್ಕೂ ಅಲ್ಲಿ ಜಾಗ ಇರುವುದಿಲ್ಲ ನೋಡಿ.

ಇನ್ನು ಸಂಜೆಯ ವಿಷಯ. ಈ ಕಥೆಯೆಲ್ಲ ಅದರದ್ದೇ.

ಶಿಶುವಿಹಾರದ ಸಮಯ ಬೆಳಿಗ್ಗೆ ಎಂಟರಿಂದ ಸಂಜೆ ಐದು. ಬಹಳ ವರ್ಷಗಳ ಹಿಂದೆ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಐದೂವರೆಗೆ ಓಡಿಬಂದು, ಏದುಸಿರು ಬಿಡುತ್ತಾ ಕ್ಷಮೆ ಕೇಳಿದಳು. ಅವಳ ಮಗಳಿಗೆ ಅಮ್ಮ ಬರುವುದು ತಡವಾದರೆ ಬಿಕ್ಕಳಿಕೆ ಶುರುವಾಗುತ್ತಿತ್ತು, ಹಾಗಾಗಿ ಆ ಮಗುವಿಗೆ ಬಿಕ್ಕಳಿಕೆ ಅಂತಲೇ ಹೆಸರು ಬಿದ್ದಿತ್ತು.

“ಇರ್ಲಿ ಬಿಡಮ್ಮ, ಅರ್ಧ ಗಂಟೆ ತಾನೇ” ಅಂದಳು ದೊಡ್ಡಮ್ಮ. ಹಾಜರಿ ಪುಸ್ತಕದಲ್ಲಿ ‘ಐದು’ ಎಂದು ಬರೆದಳು. ಅರ್ಧ ಗಂಟೆಗೆಲ್ಲ ಸರ್ಕಾರದ ಹತ್ತಿರ ಹೆಚ್ಚುವರಿ ದುಡ್ಡು ಕೇಳುವುದೇ?

ಅರ್ಧ ಗಂಟೆ ಮುಂದೆ ಒಂದು ಗಂಟೆಯಾಯಿತು. ಒಬ್ಬಳು ತಾಯಿಗೆ ಗೊತ್ತಾದದ್ದು ನಾಲ್ವರಿಗೆ ಗೊತ್ತಾಯಿತು. ಸಿದ್ಧ ಉಡುಪಿನ ಕಾರ್ಖಾನೆಯವರು, ಸಂತೆಯಲ್ಲಿ ತರಕಾರಿ ಮಾರುವವರು, ಬಸ್ಸಿನ ಕಂಡಕ್ಟರ್ ಒಬ್ಬಳು. ಐದಕ್ಕೆ ಕೆಲಸ ಮುಗಿಯುವಂಥ ಪುಣ್ಯ ಅವರಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಐದಾದ ಮೇಲೂ ಹತ್ತು ಹನ್ನೆರಡು ಮಕ್ಕಳು ಏಳರವರೆಗೆ ಉಳಿಯುವುದು ಖಾಯಂ ಆಯಿತು. ಕಿರಿಯ ಸಹಾಯಕಿ ಐದಕ್ಕೆ ಸರಿಯಾಗಿ ಚೀಲ ಹೆಗಲಿಗೇರಿಸಿ ಹೊರಟುಬಿಡುವಳು. ಅದು ಅವಳ ತಪ್ಪೂ ಅಲ್ಲ.

ಐದಾದ ಮೇಲೆ ದೊಡ್ಡಮ್ಮ ಮುಂದಿನ ಹಜಾರದ ದೀಪ ಆರಿಸಿ, ಮುಂಬಾಗಿಲಿಗೆ ಬೀಗ ಹಾಕಿ, ಮಕ್ಕಳನ್ನೆಲ್ಲ ಹಿಂದಿನ ಅಡುಗೆ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಷ್ಟು ದೊಡ್ಡ ಹಜಾರಕ್ಕೆ ನಾಲ್ಕು ದೀಪ ಬೇಕು, ಅಡುಗೆ ಕೋಣೆಗೆ ಒಂದು ಸಾಕು. ಕರೆಂಟು ಸರ್ಕಾರದ್ದಲ್ಲವೇ? ತಾಯಂದಿರು ಪಕ್ಕದ ಓಣಿಯಿಂದ ಬಂದು ಹಿಂಬಾಗಿಲು ತಟ್ಟುವರು. ತಟ್ಟುವ ಬಗೆಯಿಂದಲೇ ಮಕ್ಕಳು ತಂತಮ್ಮ ಅಮ್ಮನನ್ನು ಗುರುತು ಹಿಡಿಯುವರು. ಬೀದಿಯಲ್ಲಿ ಹೋಗುವವರಿಗೆ ಮಾತ್ರ ಅಲ್ಲಿ ಕಾಣುತ್ತಿದ್ದದ್ದು ಬೀಗ ಬಿದ್ದ, ಕತ್ತಲೆ ಕವಿದ ಒಂದು ಸರ್ಕಾರಿ ಕಟ್ಟಡ.

ಇದಕ್ಕೆ ಬೆಲೆ ತೆತ್ತವಳು ಇನ್ನೊಬ್ಬಳಿದ್ದಳು. ದೊಡ್ಡಮ್ಮನ ಗಂಡನಿಗೆ ಗಿರಣಿಯಲ್ಲಿ ಎರಡನೇ ಪಾಳಿ, ಮನೆಗೆ ಬರುವಾಗ ಊರು ಮಲಗಿರುತ್ತಿತ್ತು. ಮಗಳು ಶಾಲೆಯಿಂದ ಬಂದು, ಕೊರಳಿಗೆ ನೇತುಹಾಕಿದ ಕೀಲಿಯಿಂದ ಬೀಗ ತೆಗೆದು, ಒಬ್ಬಳೇ ಇರಬೇಕು. ಶಿಶುವಿಹಾರಕ್ಕೆ ಕರೆತರೋಣವೆಂದರೆ ಆರು ವರ್ಷ ತುಂಬಿದ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ ಎಂಬ ನಿಯಮ. ಊರವರಿಗಾಗಿ ಎಲ್ಲ ನಿಯಮ ಸಡಿಲಿಸಿದವಳು ತನ್ನ ಮಗಳ ವಿಷಯಕ್ಕೆ ಬಂದಾಗ ಅದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಸಂಜೆ ಹುಡುಗಿ ತಾನೇ ಹಾಲು ಬಿಸಿ ಮಾಡಲು ಹೋಗಿ ಮಣಿಕಟ್ಟು ಸುಟ್ಟುಕೊಂಡಳು. ಅಮ್ಮ ಬರುವವರೆಗೆ ಬಾಗಿಲ ಮೆಟ್ಟಿಲ ಮೇಲೆ ಕೈಯನ್ನು ನೀರಿನ ಚೊಂಬಿನಲ್ಲಿ ಅದ್ದಿಕೊಂಡು ಕೂತಿದ್ದಳು. ಆ ಕಲೆ ಈಗಲೂ ಇದೆ. ಮಗಳಿಗೆ ಮದುವೆಯಾಗಿ, ಎರಡು ಬೀದಿ ಆಚೆ ಸಂಸಾರ ಹೂಡಿ ವರ್ಷಗಳಾದವು. ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮ ರಾತ್ರಿಯ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದಳು. ಆ ಕಲೆಯ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗೆ ಕಾಲ ಉರುಳಿ ದೊಡ್ಡಮ್ಮ ನಿವೃತ್ತಿಯ ಅಂಚಿಗೆ ಬಂದು ನಿಂತಳು. ಆರ್ಥಿಕ ವರ್ಷದ ಕೊನೆಯ ದಿನವೇ ಅವಳ ಕೆಲಸದ ಕೊನೆಯ ದಿನ. ಒಂದು ಸಂಜೆ ಎಲ್ಲರಿಗಿಂತ ಕೊನೆಗೆ ಬರುವ ಕಂಡಕ್ಟರ್ ತನ್ನ ಮಗಳನ್ನು ಎತ್ತಿಕೊಳ್ಳುತ್ತಾ ಕೇಳಿದಳು. ಆ ಮಗಳನ್ನು ಎಲ್ಲರೂ ಚಿಲ್ರೆ ಎಂದು ಕರೆಯುತ್ತಿದ್ದರು. ಅವಳು ಆಡುವ ಆಟವೆಲ್ಲ ಕಾಗದ ಹರಿದು ಟಿಕೆಟ್ ಕೊಟ್ಟು, “ಚಿಲ್ರೆ ಕೊಡಿ, ಚಿಲ್ರೆ ಕೊಡಿ” ಎನ್ನುವುದೇ ಆಗಿತ್ತು.

“ದೊಡ್ಡಮ್ಮ, ನೀವು ಹೋದ್ಮೇಲೆ ಸಂಜೆ ಯಾರಿರ್ತಾರೆ?”

“ಯಾರನ್ನಾದ್ರೂ ಕಳಿಸ್ತಾರೆ ಕಣಮ್ಮ. ಸರ್ಕಾರ ಅಂದ್ಮೇಲೆ ಸುಮ್ನೆ ಇರುತ್ತಾ?”

“ಇಲ್ಲ ಅಂದ್ರೆ ನಾನು ಸಂಜೆ ಟ್ರಿಪ್ ಬಿಡ್ಬೇಕಾಗುತ್ತೆ. ಟ್ರಿಪ್ ಬಿಟ್ರೆ ಕೆಲಸಾನೇ ಬಿಟ್ಟ ಹಾಗೆ. ಇವಳಪ್ಪ ಇಲ್ಲ, ನಮ್ಮ ಕಡೆಯೋರು ಯಾರೂ ಊರಲ್ಲಿಲ್ಲ. ಸ್ವಲ್ಪ ಕೇಳಿ ನೋಡಿ ದೊಡ್ಡಮ್ಮ.”

ಕೇಳುವುದಕ್ಕೇನು ಎಂದುಕೊಂಡು ಮಾರನೇ ದಿನ ಮಧ್ಯಾಹ್ನ ಮಕ್ಕಳು ಮಲಗಿದ ಹೊತ್ತಿಗೆ ಅವಳು ಪುರಸಭೆ ಕಚೇರಿಗೆ ಹೋದಳು. ಲೆಕ್ಕಪತ್ರ ಶಾಖೆಯ ಅಕೌಂಟೆಂಟ್ ಬಜೆಟ್ಟಿನ ಕಾಗದಗಳ ನಡುವೆ ಮುಳುಗಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು, ಅವನಿಗೆ ನಾಲ್ಕು ಬೈದು ಮುಗಿಸಬಹುದಿತ್ತು.

“ಸಾರ್, ನಾನು ಹೋದ್ಮೇಲೆ ಸಂಜೆಗೆ ಯಾರನ್ನ ಹಾಕ್ತೀರಿ?”

“ಯಾವ ಸಂಜೆಗೆ?”

“ಐದರಿಂದ ಏಳರವರೆಗೆ.”

ಅಕೌಂಟೆಂಟ್ ಪೆನ್ನು ಕೆಳಗಿಟ್ಟ. “ಐದಕ್ಕೆ ಬಾಗಿಲು ಹಾಕ್ತೀರಲ್ಲ ದೊಡ್ಡಮ್ಮ? ನಿಮ್ಮ ಜಾಗಕ್ಕೆ ಬರೋರಿಗೂ ಹಾಗೇ ಬರೆದಿದ್ದೀವಿ. ಎಂಟರಿಂದ ಐದು, ಈಗಿರುವಂತೆ.”

“ಈಗ ಹಾಗಿಲ್ಲ ಸಾರ್. ಏಳರವರೆಗೂ ಮಕ್ಕಳಿರ್ತಾರೆ. ನಾನಿರ್ತೀನಿ.”

“ಹಾಜರಿ ಪುಸ್ತಕದಲ್ಲಿ ದಿನಾ ಐದು ಅಂತಿದೆ. ಕರೆಂಟ್ ಬಿಲ್ ನೋಡಿದ್ರೆ ನಮ್ಮ ಎಲ್ಲ ಕಟ್ಟಡಕ್ಕಿಂತ ಕಡಿಮೆ. ನಾನು ದಿನಾ ಸಂಜೆ ಆ ಬೀದೀಲೇ ಮನೆಗೆ ಹೋಗೋದು. ಕತ್ತಲೆ ಇರುತ್ತೆ, ಬೀಗ ಇರುತ್ತೆ. ಇನ್ನು ನಾನೇನು ಅಂದ್ಕೊಳ್ಳಲಿ ಹೇಳಿ?”

ಹಿಂಬಾಗಿಲಿನ ಸಂಗತಿಯನ್ನೆಲ್ಲ ದೊಡ್ಡಮ್ಮ ವಿವರಿಸಿದಳು. ಅವನು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಮುಖ ಚಿಕ್ಕದಾಯಿತು.

“ದೊಡ್ಡಮ್ಮ, ನೀವು ದುಡ್ಡು ಕೇಳ್ಲಿಲ್ಲ. ಕೇಳ್ಲಿಲ್ಲ ಅಂದ್ರೆ ಬೇಡ ಅಂತ ನಮ್ಮ ಲೆಕ್ಕ. ಮೇಲಿಂದ ಪ್ರತಿ ವರ್ಷ ಇದ್ದ ದುಡ್ಡನ್ನೂ ವಾಪಸ್ ತಂದುಕೊಟ್ರಿ. ಕಳೆದ ವರ್ಷ ಎಷ್ಟು ಖರ್ಚಾಯ್ತೋ ಅಷ್ಟೇ ಈ ವರ್ಷಕ್ಕೆ. ಹಾಗೇ ಇಳೀತಾ ಬಂತು.”

“ಅಂದ್ರೆ ನಾನು ಉಳಿಸಿದ್ದಕ್ಕೇ ಕಡಿಮೆ ಆಯ್ತಾ?”

ಅವನು ಬಜೆಟ್ಟಿನ ಕಾಗದಗಳನ್ನು ತಿರುವಿದ. “ಈ ವರ್ಷ ಮನೆ ತೆರಿಗೆ ಬೇರೆ ಇಳಿಸಿದ್ದಾರೆ. ಪೇಟೆಯ ದೊಡ್ಡ ಕಟ್ಟಡಗಳಿಗೆ ಜಾಸ್ತಿ, ನಮ್ಮಂಥೋರ ಮನೆಗೆ ಚೂರುಪಾರು. ಜನಕ್ಕೆ ಖುಷಿ. ಆದ್ರೆ ಬರೋದೇ ಕಮ್ಮಿ ಆದ್ರೆ ನಾನು ಎಲ್ಲಿಂದ ತಂದು ಹಾಕಲಿ? ಇದ್ದಿದ್ರಲ್ಲೇ ಕತ್ತರಿ ಹಾಕಿ ಅಂತ ಆದೇಶ.”

ಆ ಸಂಜೆ ಮಕ್ಕಳನ್ನೆಲ್ಲ ಕಳಿಸಿ ಮನೆಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಬಚ್ಚಲಿನ ಹೊಸ ಬಕೆಟ್ಟು. ಮನೆ ತೆರಿಗೆ ಇಳಿದಾಗ ಮಿಕ್ಕ ಹಣದಲ್ಲಿ ಕೊಂಡದ್ದು. ಸರ್ಕಾರವೇ ಕೊಡಿಸಿತು ನೋಡು ಎಂದು ಮಗಳ ಮುಂದೆ ಜಂಬ ಬೇರೆ ಕೊಚ್ಚಿಕೊಂಡಿದ್ದಳು. ಈಗ ಅದರಲ್ಲಿ ಕಾಲು ತೊಳೆಯಲೂ ಮನಸ್ಸಾಗಲಿಲ್ಲ. ಗೋಡೆಯ ಮೇಲಿದ್ದ ಪ್ರಶಂಸಾ ಪತ್ರವನ್ನು ಇಳಿಸಿ ಮಂಚದ ಕೆಳಗೆ ಸರಿಸಿದಳು. ಒಂದು ಜನ್ಮದ ಹೆಮ್ಮೆ ಒಂದೇ ಮಧ್ಯಾಹ್ನಕ್ಕೆ ಹೀಗೆ ತಲೆಕೆಳಗಾದರೆ ಮನುಷ್ಯರಿಗೆ ಅಳುವೂ ಬರುವುದಿಲ್ಲ, ಸಿಟ್ಟು ಬರುತ್ತದೆ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಯಾರಿಗೂ ಕಾಣದ ಹಾಗೆ ಅಡುಗೆ ಕೋಣೆಯಲ್ಲಿ ಕೂಡಿಟ್ಟದ್ದು ತಾನೇ. ಕಾಣದ ಮಕ್ಕಳಿಗೆ ಯಾರು ದುಡ್ಡು ಎತ್ತಿಡುತ್ತಾರೆ?

ಮಾರನೇ ದಿನ ಸಂಜೆ ಐದಕ್ಕೆ ಅವಳು ಗಂಟಿನ ಹಗ್ಗ ತೆಗೆದಳು. ಹೊರಗೆ ಹೋಗುವುದೆಂದು ಮಕ್ಕಳು ಕುಣಿದಾಡಿದವು. ಮುಂಬಾಗಿಲಿಗೆ ಬೀಗ ಹಾಕಿದಳು, ಹಿಂಬಾಗಿಲಿಗೂ ಹಾಕಿದಳು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಮಕ್ಕಳು ಪುರಸಭೆ ಕಚೇರಿಯಲ್ಲಿದ್ದಾರೆ’ ಎಂದು ಬರೆದಳು. ತಡವಾಗಿ ಓಡಿಬರುವ ತಾಯಿಗೆ ಬೀಗ ಕಂಡರೆ ಎದೆ ಹೇಗೆ ಧಸಕ್ಕೆನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಬಜೆಟ್ಟಿನ ಕಾಲವಾದ್ದರಿಂದ ಕಚೇರಿಯಲ್ಲಿ ದೀಪಗಳು ಉರಿಯುತ್ತಿದ್ದವು, ಫ್ಯಾನುಗಳು ತಿರುಗುತ್ತಿದ್ದವು. ದೊಡ್ಡಮ್ಮ ಲೆಕ್ಕಪತ್ರ ಶಾಖೆಯ ಮುಂದಿನ ಪಡಸಾಲೆಯಲ್ಲಿ ತೇಪೆಯ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿದಳು. ಅವು ಎಷ್ಟು ಹೊತ್ತು ಸಾಲಾಗಿ ಕೂತಾವು? ಎರಡು ಮಕ್ಕಳು ಮೇಜಿನ ಕೆಳಗೆ ಮನೆ ಮಾಡಿದವು. ಒಂದು ಮಗು ಕಡತಗಳ ಗಂಟಿಗೆ ಒರಗಿ ನಿದ್ದೆ ಹೋಯಿತು. ಇನ್ನೊಂದು, ಹೇಳುವುದಕ್ಕೂ ಸಂಕೋಚ, ನೆಲ ಒದ್ದೆ ಮಾಡಿತು. ದೊಡ್ಡಮ್ಮ ಸದ್ದಿಲ್ಲದೆ ಒರೆಸಿದಳು.

“ಏನಿದು ದೊಡ್ಡಮ್ಮ?” ಅಕೌಂಟೆಂಟ್ ಎದ್ದು ಬಂದ.

“ಐದಕ್ಕೆ ಬಾಗಿಲು ಹಾಕ್ಬೇಕು ಅಂದ್ರಲ್ಲ ಸಾರ್. ಹಾಕಿದೆ. ಇವರಮ್ಮಂದಿರು ಬರೋದು ಏಳಕ್ಕೆ. ಅಲ್ಲೀವರೆಗೆ ಎಲ್ಲಿಡ್ಲಿ ಹೇಳಿ, ಅಲ್ಲಿಗೇ ಕರ್ಕೊಂಡು ಹೋಗ್ತೀನಿ.”

ಅವನು ಒಳಗೆ ಹೋಗಿ ಕೂತ. ಚಿಲ್ರೆ ಹಿಂದೆಯೇ ಹೋಗಿ ಅವನ ಕುರ್ಚಿಯ ಪಕ್ಕ ನಿಂತು, ಲೆಕ್ಕ ಕೂಡುವ ಯಂತ್ರದ ಗುಂಡಿಗಳನ್ನು ಒತ್ತಿ ನೋಡಿದಳು. ಅವನು ಬೈಯಲಿಲ್ಲ. ಕಚೇರಿಯಲ್ಲಿ ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದುದನ್ನು ನೋಡಿ ಚಿಲ್ರೆ ಅವನನ್ನೇ ಕೇಳಿದಳು:

“ನಿಮ್ಮಮ್ಮ ಇನ್ನೂ ಬಂದಿಲ್ವಾ?”

ಐದಾದ ಮೇಲೂ ಕೂತಿರುವವರೆಲ್ಲ ಅಮ್ಮನಿಗಾಗಿ ಕಾಯುವವರು ಎಂಬುದು ಆ ಮಗುವಿನ ಲೆಕ್ಕ. ಅಕೌಂಟೆಂಟ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ಇಲ್ಲಮ್ಮ, ಬಂದಿಲ್ಲ” ಅಂದ. ಚಿಲ್ರೆ ಕನಿಕರದಿಂದ ಅವನ ಪಕ್ಕದಲ್ಲೇ ಕೂತಳು.

ತಾಯಂದಿರು ಒಬ್ಬೊಬ್ಬರಾಗಿ ಬಂದರು. ಕಾರ್ಖಾನೆಯವಳ ಕೂದಲಲ್ಲಿ ದಾರದ ಎಳೆಗಳಿದ್ದವು. ತರಕಾರಿಯವಳು ತಕ್ಕಡಿಯ ಚೀಲದ ಸಮೇತ ಬಂದಳು. ಒಬ್ಬಳಂತೂ ಬೀಗ ನೋಡಿ ಓಡಿಬಂದವಳೇ ಮಗುವನ್ನು ಅವಚಿಕೊಂಡು ದೊಡ್ಡಮ್ಮನನ್ನು ದುರುಗುಟ್ಟಿ ನೋಡಿದಳು. ದೊಡ್ಡಮ್ಮ ತಲೆ ತಗ್ಗಿಸಿದಳು. ಎಲ್ಲರಿಗಿಂತ ಕೊನೆಗೆ ಬಂದ ಕಂಡಕ್ಟರ್ ವಿಷಯ ತಿಳಿದವಳೇ ನೇರ ಅಕೌಂಟೆಂಟನ ಮೇಜಿನ ಮುಂದೆ ನಿಂತಳು. ಖಾಕಿ ಅಂಗಿ, ಹೆಗಲಲ್ಲಿ ಟಿಕೆಟ್ ಚೀಲ.

“ನಾನು ಕೊಡೋ ಒಂದೊಂದು ಟಿಕೆಟ್ಟಲ್ಲೂ ಸರ್ಕಾರದ ತೆರಿಗೆ ಸೇರಿದೆ ಸಾರ್. ಬೆಳಗಿಂದ ಸಂಜೆವರೆಗೂ ಅದನ್ನೇ ವಸೂಲಿ ಮಾಡಿ ಕಟ್ತೀನಿ. ನನ್ನ ಮಗೂಗೆ ಎರಡು ಗಂಟೆ ಜಾಗ ಕೊಡಕ್ಕೆ ಆಗಲ್ವಾ?”

“ನನ್ನ ಕೈಲಿದ್ರೆ ಕೊಡ್ತಿದ್ದೆನಮ್ಮ” ಅಂದ ಅವನು. ಸುಳ್ಳು ಹೇಳಿದಂತೆ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ದೊಡ್ಡಮ್ಮ ಚಾಪೆ ಸುತ್ತಿಕೊಳ್ಳುತ್ತಿದ್ದಾಗ ಅಕೌಂಟೆಂಟ್ ಅವಳನ್ನು ಕರೆದು ಎದುರಿಗೆ ಕೂರಿಸಿದ.

“ಒಂದು ದಾರಿ ಇದೆ. ನಡೀತಾ ಇರೋ ಕೆಲಸಕ್ಕೆ ಈ ವರ್ಷ ಹೆಚ್ಚಿಗೆ ಒಂದು ಪೈಸಾನೂ ಇಲ್ಲ. ಆದ್ರೆ ಹೊಸ ಸೇವೆಗಳಿಗೆ ಅಂತ ಸ್ವಲ್ಪ ತೆಗೆದಿಟ್ಟಿದ್ದಾರೆ. ಹೊಸದು ಮಾಡಿದ್ರೆ ಸದಸ್ಯರಿಗೂ ಹೆಸರು ಬರುತ್ತಲ್ಲ. ಅದರಲ್ಲಿ ಸಂಜೆ ಪಾಳಿ ಅಂತ ಹಾಕಿ, ಎರಡು ಗಂಟೆಗೆ ಒಬ್ಬರನ್ನ ತಗೋಬಹುದು.”

“ಹಾಕಿ ಸಾರ್ ಮತ್ತೆ.”

“ಹೊಸದು ಅಂತ ತೋರಿಸ್ಬೇಕು. ಇದು ಮೊದಲಿಂದ ನಡೀತಿತ್ತು ಅಂದ್ರೆ, ಇಷ್ಟು ವರ್ಷ ದುಡ್ಡಿಲ್ದೆ ನಡೆದಿದ್ದು ಈಗ ಯಾಕೆ ನಡೆಯಲ್ಲ ಅಂತ ಕೇಳ್ತಾರೆ. ಅದಕ್ಕೆ ನೀವು ಒಂದು ಬರೆದುಕೊಡ್ಬೇಕು. ನನ್ನ ಸೇವಾವಧಿಯಲ್ಲಿ ಶಿಶುವಿಹಾರವನ್ನು ಸಂಜೆ ಐದಕ್ಕೆ ಮುಚ್ಚಲಾಗುತ್ತಿತ್ತು, ಐದರ ನಂತರ ಯಾವ ಮಕ್ಕಳೂ ಇರುತ್ತಿರಲಿಲ್ಲ ಅಂತ.”

“ಸುಳ್ಳು ಬರೆದುಕೊಡು ಅಂತೀರಾ?”

“ಹಾಜರಿ ಪುಸ್ತಕದಲ್ಲಿ ದಿನಾ ಬರೆದಿದ್ದೀರಲ್ಲ ದೊಡ್ಡಮ್ಮ. ಅದನ್ನೇ ಇನ್ನೊಂದು ಸಲ ಬರೀಬೇಕು, ಅಷ್ಟೇ.”

ಚುಚ್ಚಬೇಕೆಂದು ಅವನು ಆಡಿದ ಮಾತಲ್ಲ ಅದು. ಚುಚ್ಚಿದ್ದು ಮಾತ್ರ ನಿಜ. ನಾಳೆ ಹೇಳುತ್ತೇನೆಂದು ದೊಡ್ಡಮ್ಮ ಎದ್ದಳು.

ಮಗಳ ಮನೆಯಲ್ಲಿ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯಲಿಲ್ಲ. ಮಗಳು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಮಗಳು ಪಾತ್ರೆ ಎತ್ತಿಡುತ್ತಿದ್ದವಳು ಅಲ್ಲೇ ನಿಂತಳು.

“ಐದಕ್ಕೆ ಬಾಗಿಲು ಹಾಕ್ತಿದ್ದೆ ಅಂತ ಬರೆದುಕೊಡ್ತೀಯಾ?”

“ಅದೊಂದೇ ದಾರಿ ಅಂತಾರೆ.”

“ಹಾಗಾದ್ರೆ ಆ ಸಂಜೆಗಳಲ್ಲೆಲ್ಲ ನೀನೆಲ್ಲಿದ್ದೆ ಅಮ್ಮ?”

ಮಗಳು ದನಿ ಏರಿಸಿರಲಿಲ್ಲ. ಏರಿಸಿದ್ದರೆ ದೊಡ್ಡಮ್ಮ ತಿರುಗಿ ಏನಾದರೂ ಅಂದು ಪಾರಾಗುತ್ತಿದ್ದಳು. ಅವಳು ಮಗಳ ಮಣಿಕಟ್ಟು ನೋಡಿದಳು, ಆಮೇಲೆ ತಟ್ಟೆ ನೋಡಿದಳು. ಮೆಟ್ಟಿಲ ಮೇಲೆ ನೀರಿನ ಚೊಂಬಿನಲ್ಲಿ ಕೈ ಅದ್ದಿಕೊಂಡು ಕೂತ ಹುಡುಗಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಈಗ ಸಹಿ ಹಾಕಿದರೆ ಅವಳು ಯಾಕೆ ಕಾಯುತ್ತಿದ್ದಳು ಅನ್ನುವುದೂ ಇರುವುದಿಲ್ಲ.

“ತಪ್ಪಾಯ್ತು ಕಣೆ” ಅಂದಳು ದೊಡ್ಡಮ್ಮ. “ದುಡ್ಡು ಕೇಳಿದ್ರೆ ಆಗ್ಲೇ ಇನ್ನೊಬ್ಬರನ್ನ ಹಾಕ್ತಿದ್ರೇನೋ. ನಾನು ಮನೆಗೆ ಬರಬಹುದಿತ್ತು. ಕೇಳೋದೇ ಅವಮಾನ ಅಂದ್ಕೊಂಡಿದ್ದೆ. ನಿನ್ನ ಪಾಲಿನದ್ದನ್ನ ತೆಗೆದು ಊರಿಗೆ ಬಿಟ್ಟಿ ಕೊಟ್ಟೆ.”

ಮಗಳು ಪಾತ್ರೆಗಳನ್ನೆಲ್ಲ ಜೋಡಿಸಿ, ಕೈ ಒರೆಸಿಕೊಂಡು ಬಂದು ಅಮ್ಮನ ಎದುರಿಗೆ ಕೂತಳು.

“ಹಾಕು ಸಹಿ. ಆ ಕಂಡಕ್ಟರ್ ಮಗಳ ಕೊರಳಿಗೂ ಕೀಲಿ ಬೀಳೋದು ಬೇಡ. ಆದ್ರೆ ನನ್ನ ಮುಂದೆ ಮಾತ್ರ ಯಾವತ್ತೂ ಐದಕ್ಕೇ ಬರ್ತಿದ್ದೆ ಅನ್ಬೇಡ.”

ದೊಡ್ಡಮ್ಮ ಸಹಿ ಹಾಕಿದಳು. ಪುರಸಭೆಯ ಬಜೆಟ್ಟಿನಲ್ಲಿ ‘ಶಿಶುವಿಹಾರ, ಸಂಜೆ ಪಾಳಿ, ಹೊಸದು’ ಎಂಬ ಸಾಲು ಸೇರಿತು. ಸಭೆಯಲ್ಲಿ ಸದಸ್ಯರೊಬ್ಬರು ದುಡಿಯುವ ತಾಯಂದಿರಿಗಾಗಿ ಮೊಟ್ಟಮೊದಲ ಬಾರಿಗೆ ಇಂಥದ್ದೊಂದು ಸೌಲಭ್ಯ ತಂದಿದ್ದೇವೆ ಎಂದು ಭಾಷಣ ಮಾಡಿದರಂತೆ. ಚಪ್ಪಾಳೆಯೂ ಬಿತ್ತಂತೆ. ಅದನ್ನು ಕೇಳಿ ದೊಡ್ಡಮ್ಮ ನಕ್ಕಳೋ ಬಿಟ್ಟಳೋ, ನೋಡಿದವರಿಲ್ಲ.

ಹೊಸ ಆರ್ಥಿಕ ವರ್ಷದ ಮೊದಲ ಸಂಜೆ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಾಲುಗಳು ತಾವಾಗಿಯೇ ಹಳೆಯ ಬೀದಿಗೆ ಎಳೆದವು. ದೂರದಿಂದಲೇ ಕಂಡಿತು, ಹಜಾರದ ನಾಲ್ಕೂ ದೀಪ ಉರಿಯುತ್ತಿದ್ದವು. ಮುಂಬಾಗಿಲು ಹಾರುಹೊಡೆದಿತ್ತು. ಇಷ್ಟು ಕರೆಂಟೇ ಎಂದು ಒಂದು ಗಳಿಗೆ ಜೀವ ಹಿಡಿಯಷ್ಟಾಯಿತು, ಆಮೇಲೆ ತನಗೇ ನಗು ಬಂತು.

ಸಂಜೆ ಪಾಳಿಗೆ ಬಂದ ಹುಡುಗಿ ಬೇರೆ ಯಾರೂ ಅಲ್ಲ, ಹಿಂದೊಮ್ಮೆ ಆ ಆಸ್ಪತ್ರೆಯ ತಾಯಿಗಾಗಿ ಕಾಯುತ್ತಿದ್ದ ಬಿಕ್ಕಳಿಕೆ. ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ ಅವಳಿಗೇ ಸಿಕ್ಕಿತ್ತು. ಅವಳು ಮಕ್ಕಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದಳು.

“ಯಾರೇ ಹೇಳಿಕೊಟ್ರು ನಿಂಗೆ ಇದನ್ನ?”

“ನೀವೇ ಅಲ್ವಾ ದೊಡ್ಡಮ್ಮ? ದಾರಿ ಕಾಣೋ ಹಾಗೆ ಕೂರಿಸಿದ್ರೆ ಅಳ್ತಾವೆ. ಯಾರ ಹೆಜ್ಜೆ ಕೇಳಿದ್ರೂ ಅಮ್ಮ ಬಂದ್ಳು ಅಂತ ಎದ್ದು ನಿಲ್ತಾವೆ. ಆರೂವರೆ ದಾಟಿದ್ರೆ ಕಥೆ ಹೇಳ್ಬಾರದು, ಹಾಡು ಹೇಳ್ಬೇಕು. ಕಥೆ ಅರ್ಧಕ್ಕೆ ನಿಂತ್ರೆ ಮನೆಗೆ ಹೋಗಲ್ಲ ಅಂತ ಹಟ ಮಾಡ್ತಾವೆ.”

ಐದರ ನಂತರ ಯಾವ ಮಕ್ಕಳೂ ಇರುತ್ತಿರಲಿಲ್ಲ ಎಂದು ಸಹಿ ಹಾಕಿದ ಕೈಯನ್ನು ದೊಡ್ಡಮ್ಮ ಸೆರಗಿನಲ್ಲಿ ಒರೆಸಿಕೊಂಡಳು.

ತಾಯಂದಿರು ಮುಂಬಾಗಿಲಿನಿಂದ ಬಂದು ಮಕ್ಕಳನ್ನು ಕರೆದೊಯ್ದರು. ಉಳಿದವಳು ಚಿಲ್ರೆ ಒಬ್ಬಳೇ. ಬಸ್ಸು ಎಲ್ಲೋ ಕೆಟ್ಟು ನಿಂತಿತ್ತಂತೆ, ಕಂಡಕ್ಟರ್ ಏಳೂವರೆಗೆ ಓಡಿಬಂದು, ಏದುಸಿರು ಬಿಡುತ್ತಾ ಕ್ಷಮೆ ಕೇಳಿದಳು. ಹುಡುಗಿ ನಗುತ್ತಲೇ ಮಗುವನ್ನು ಒಪ್ಪಿಸಿ, ಹಾಜರಿ ಪುಸ್ತಕ ತೆರೆದು, ತನ್ನ ಹೆಸರಿನ ಮುಂದೆ ‘ಏಳು’ ಎಂದು ಬರೆದಳು.

“ಏಳೂವರೆ ಅಂತ ಬರಿ” ಅಂದಳು ದೊಡ್ಡಮ್ಮ.

“ಇರ್ಲಿ ಬಿಡಿ ದೊಡ್ಡಮ್ಮ, ಅರ್ಧ ಗಂಟೆ ತಾನೇ.”

ದೊಡ್ಡಮ್ಮ ಪುಸ್ತಕದ ಮೇಲೆ ಅಂಗೈ ಊರಿದಳು.

“ಮನೇಲಿ ಯಾರಿದ್ದಾರೆ ನಿಂಗೆ?”

“ತಮ್ಮ ಇದ್ದಾನೆ, ಶಾಲೆಗೆ ಹೋಗ್ತಾನೆ. ಅಮ್ಮಂಗೆ ಈಗ್ಲೂ ಆಸ್ಪತ್ರೆ ಪಾಳಿ ಅಲ್ವಾ, ಒಬ್ನೇ ಕಾಯ್ತಿರ್ತಾನೆ.”

“ಹಾಗಾದ್ರೆ ಏಳೂವರೆ ಅಂತ ಬರಿ. ನಾಳೆನೂ ಹೀಗಾದ್ರೆ ನಾಳೆನೂ ಬರಿ. ಅವರು ಕೇಳ್ಲಿ, ನೀನು ಹೇಳು. ಬಿಟ್ಟಿ ಮಾತ್ರ ಕೊಡ್ಬೇಡ ಕಣೆ, ಆ ಹೊತ್ತು ನಿಂದಲ್ಲ, ಅವನದ್ದು.”

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ‘ಏಳು’ ಹೊಡೆದುಹಾಕಿ ಪಕ್ಕದಲ್ಲಿ ‘ಏಳೂವರೆ’ ಎಂದು ಬರೆದಳು. ಅವಳು ದೀಪ ಆರಿಸಿ, ಬೀಗ ಹಾಕಿ, ತಮ್ಮನಿರುವ ಮನೆಯ ಕಡೆ ಹೆಜ್ಜೆ ಹಾಕುವವರೆಗೆ ದೊಡ್ಡಮ್ಮ ಮುಂಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಅವಳೂ ಮಗಳ ಮನೆಯ ದಾರಿ ಹಿಡಿದಳು.